ರಕ್ತಪಿತ್ತದ ವರ್ಣಲಕ್ಷಣಗಳು

೧

ಆಯುರ್ವೇದ ಸಂಹಿತೆಗಳಲ್ಲಿ ನಿರೂಪಿತವಾದ ಪ್ರಧಾನ ರೋಗಗಳಲ್ಲಿ ರಕ್ತಪಿತ್ತವೂ ಒಂದು. ಚರಕಸಂಹಿತೆಯ ನಿದಾನಸ್ಥಾನದಲ್ಲಿ ಜ್ವರವಾದೊಡನೆಯೇ, ೨ನೆಯ ಅಧ್ಯಾಯದಲ್ಲಿ, ಇದರ ನಿರೂಪಣವಿದೆ; ಚಿಕಿತ್ಸಾಸ್ಥಾನದ ೪ನೆಯ ಅಧ್ಯಾಯವು ಇದಕ್ಕೇ ಮೀಸಲು. ಸುಶ್ರುತಸಂಹಿತೆಯ ಉತ್ತರತಂತ್ರದ ೪೫ನೆಯ ಅಧ್ಯಾಯ, ಅಷ್ಟಾಂಗಹೃದಯದ ನಿದಾನಸ್ಥಾನದ ೩ನೆಯ ಅಧ್ಯಾಯ, ಮಾಧವನಿದಾನದ ೯ನೆಯ ಅಧ್ಯಾಯ, ಇವುಗಳಲ್ಲಿಯೂ ಈ ರೋಗವೇ ವಿಷಯ. ಇಷ್ಟು ವಿಸ್ತಾರವಾಗಿ ಚರ್ಚಿತವಾದ ರೋಗದ ಹೆಸರಿಗೆ ನಮ್ಮ ಕೈಯಲ್ಲಿರುವ ನಿಘಂಟುಗಳು ಕೊಡುವ ಅರ್ಥವಾದರೋ ಬಹು ಸಂಕುಚಿತವಾದುದು. ಮೋನಿಯರ್ ವಿಲಿಯಮ್ಸ್ ಪಂಡಿತನ ಸಂಸ್ಕೃತ ನಿಘಂಟು (೧೮೯೯) ಬಾಯಿಂದಾಗಲಿ ಮೂಗಿನಿಂದಾಗಲಿ ತಾನಾಗಿಯೇ ಆಗುವ ರಕ್ತಸ್ರಾವವೆಂದು ಇದನ್ನು ವಿವರಿಸುತ್ತದೆ. ಪಾಠಶಾಲೆಗಳಲ್ಲಿ ಅರ್ಥ ಹೇಳುವವರು 'ಮೂಗಿನಲ್ಲಿ ರಕ್ತ ಬರುವ ರೋಗ' ಎಂದು ಹೇಳಿ ಮುಂದಕ್ಕೆ ಸಾಗುವುದೂ ಉಂಟು.

ಈ ಅರ್ಥವು ತಪ್ಪಲ್ಲ, ಅಪೂರ್ಣವಾದುದು. ರಕ್ತಪಿತ್ತಪ್ರಕರಣಗಳಲ್ಲಿ ಬರುವ ವರ್ಣವಾಚಕಗಳನ್ನು ಒಂದೊಂದಾಗಿ ತೂಗಿ ನೋಡಿದರೆ, ಅವುಗಳಲ್ಲಿ ಮುಖ್ಯವಾದ ಕೆಲವು ಮೂಗಿನ ರಕ್ತಕ್ಕೆ ಎಂದಿಗೂ ಹೊಂದತಕ್ಕವಲ್ಲವೆಂಬುದು ಸ್ಪಷ್ಟವಾಗುತ್ತದೆ. ಅನ್ನನಾಳ, ಆಮಾಶಯ, ಸಣ್ಣ ಕರುಳಿನ ಮೊದಲ ತುಂಡು, ಇವಿಷ್ಟನ್ನು ಇಂದಿನ ವೈದ್ಯರು ಊರ್ಧ್ವಭಾಗದ ಅನ್ನಮಾರ್ಗವೆಂದು ಎಣಿಸುತ್ತಾರೆ. ಅಲ್ಲಿ ಸುರಿದ ರಕ್ತವು ಪಚನಗೊಂಡು ವರ್ಣವನ್ನು ಬದಲಾಯಿಸಿ, ವಾಂತಿಯಲ್ಲಿಯೂ ಮಲದಲ್ಲಿಯೂ ಕಪ್ಪಾಗಿ ಹೊರಬೀಳುತ್ತದೆ. ನಮ್ಮ ಪ್ರಾಚೀನರು ಈ ಕಪ್ಪನ್ನು ಕಣ್ಣಾರೆ ಕಂಡು ರಕ್ತವೆಂದು ಗುರುತಿಸಿದ್ದರೆಂಬುದನ್ನು ಗ್ರಂಥಗಳ ಶಬ್ದಗಳಿಂದಲೇ ತೋರಿಸುವುದು ಪ್ರಕೃತ ಲೇಖನದ ಉದ್ದೇಶ. ಅವರು ಎಲ್ಲಿ ಎಡವಿದರೆಂಬುದನ್ನೂ ಮರೆಮಾಚದೆ ಹೇಳುವೆನು.

೨

ಮೊದಲು ವಿಭಾಗಕ್ರಮವನ್ನು ನೋಡೋಣ. ಚರಕನ ಮತದಲ್ಲಿ ರಕ್ತಪಿತ್ತಕ್ಕೆ ಗತಿಗಳು ಎರಡು: ಊರ್ಧ್ವಗತಿ, ಅಧೋಗತಿ. ಊರ್ಧ್ವಗತಿಗೆ ಎರಡು ಕಣ್ಣು, ಎರಡು ಕಿವಿ, ಎರಡು ಮೂಗಿನ ಹೊಳ್ಳೆ, ಒಂದು ಬಾಯಿ, ಹೀಗೆ ಏಳು ದ್ವಾರಗಳು. ಅಧೋಗತಿಗೆ ಮಲಮೂತ್ರಮಾರ್ಗಗಳೆಂಬ ಎರಡು ದ್ವಾರಗಳು. ಎರಡು ಗತಿಗಳೂ ಒಟ್ಟಿಗೆ ಕಂಡುಬಂದರೆ ರೋಗವು ಅಸಾಧ್ಯ. ರೋಗದ ಅಧಿಷ್ಠಾನವು ಯಕೃತ್ತು ಮತ್ತು ಪ್ಲೀಹ. ಏಕೆಂದರೆ ರಕ್ತವಹ ಸ್ರೋತಸ್ಸುಗಳಿಗೆ ಮೂಲವು ಅವೇ ಎಂಬುದು ಅವರ ಸಿದ್ಧಾಂತ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಈ ವಿಭಾಗವು ರಕ್ತವು ಹೊರಬೀಳುವ ದ್ವಾರವನ್ನು ಅನುಸರಿಸಿದುದೇ ಹೊರತು, ಅದು ಹೊರಟ ಸ್ಥಾನವನ್ನು ಅನುಸರಿಸಿದುದಲ್ಲ. ಆದುದರಿಂದ ಬಾಯಿಂದ ಬಂದ ರಕ್ತವು ಶ್ವಾಸಕೋಶದ್ದೋ ಆಮಾಶಯದ್ದೋ ಎಂಬ ಭೇದವು 'ಊರ್ಧ್ವಗ' ಎಂಬ ಒಂದೇ ಮಾತಿನಲ್ಲಿ ಅಡಗಿಹೋಗುತ್ತದೆ. ಕ್ಷತಜಕಾಸವನ್ನೂ ಕ್ಷತಕ್ಷೀಣವನ್ನೂ ಬೇರೆ ಅಧ್ಯಾಯಗಳಲ್ಲಿ ಹೇಳಿ, ಎದೆಗೆ ಪೆಟ್ಟಾದವನು ಕೆಮ್ಮಿ ರಕ್ತವನ್ನು ಉಗುಳುವನೆಂದು ತಿಳಿಸಿರುವುದರಿಂದ, ಭೇದವು ಅವರಿಗೆ ಗೊತ್ತೇ ಇರಲಿಲ್ಲವೆನ್ನುವಂತಿಲ್ಲ. ಆದರೂ ರಕ್ತಪಿತ್ತವೆಂಬ ಹೆಸರು ಮಾತ್ರ ಆ ಭೇದವನ್ನು ಹೊತ್ತುಕೊಂಡಿಲ್ಲ. ಹೆಸರಿನಲ್ಲಿ ಸಿಕ್ಕದುದನ್ನು ನಾವು ವರ್ಣನೆಯಲ್ಲಿ ಹುಡುಕಬೇಕು.

ಪೂರ್ವರೂಪಗಳನ್ನು ಹೇಳುವ ಚರಕವಾಕ್ಯವು ಈ ಹುಡುಕಾಟಕ್ಕೆ ಮೊದಲ ಸಾಕ್ಷಿ. ಅನ್ನದಲ್ಲಿ ಅರುಚಿ, ಉಂಡುದು ಉರಿಯುವುದು, ಹುಳಿತ ವಾಸನೆಯ ಹುಳಿತೇಗು, ಮೇಲಿಂದ ಮೇಲೆ ವಾಂತಿ, ಕಾರಿದುದು ಬೀಭತ್ಸವಾಗಿರುವುದು, ಮೈ ಸೋಲುವುದು, ಬಾಯಲ್ಲಿ ಲೋಹದ, ರಕ್ತದ, ಮೀನಿನ ವಾಸನೆ, ಇವೇ ಮೊದಲಾದುವು ಅಲ್ಲಿ ಎಣಿಸಲ್ಪಟ್ಟಿವೆ. ಮೂಗಿನ ನೆತ್ತರಿಗೆ ಹುಳಿತೇಗು ಮುನ್ಸೂಚನೆಯೇ? ಎದೆಯುರಿ, ಹುಳಿತೇಗು, ವಾಂತಿಗಳು ಆಮಾಶಯದ ವ್ಯಾಧಿಯನ್ನೇ ಸಾರುತ್ತಿವೆ. ಲೋಹಗಂಧವನ್ನು ಹೇಳಿದುದನ್ನು ಕಂಡು, ರಕ್ತದಲ್ಲಿ ಕಬ್ಬಿಣವಿರುವುದು ಪ್ರಾಚೀನರಿಗೆ ಗೊತ್ತಿತ್ತೆಂದು ಸಾಧಿಸಹೊರಡುವವರೂ ಇದ್ದಾರು. ಅದು ಅತಿವಾದ. ಬಾಯಲ್ಲಿ ರಕ್ತ ಬಂದವನು ಹೇಳಿದ ಅನುಭವವನ್ನು ವೈದ್ಯನು ಹಾಗೆಯೇ ಬರೆದಿಟ್ಟನೆಂದರೆ ಸಾಕು; ಅಷ್ಟೇ ಬಹಳ ಬೆಲೆಯುಳ್ಳದ್ದು.

೩

ಈಗ ವರ್ಣಗಳ ಮಾತು. ಚಿಕಿತ್ಸಾಸ್ಥಾನದಲ್ಲಿ ಚರಕನು ದೋಷಭೇದದಿಂದ ರಕ್ತಪಿತ್ತದ ಬಣ್ಣಗಳನ್ನು ವಿಂಗಡಿಸುತ್ತಾನೆ. ಕಫಾನುಬಂಧವಿದ್ದರೆ ಅದು ಗಟ್ಟಿ, ಬಿಳಿಚು, ಜಿಗುಟು. ವಾತಾನುಬಂಧವಿದ್ದರೆ ಕಂದುಗೆಂಪು, ನೊರೆ, ತೆಳುವು. ಪಿತ್ತಪ್ರಧಾನವಾದರೆ ಕಷಾಯದಂತೆ, ಕೃಷ್ಣ, ಗೋಮೂತ್ರದಂತೆ, ಮೇಚಕ, ಅಗಾರಧೂಮದಂತೆ, ಅಂಜನದಂತೆ. ನಮ್ಮ ವಿಚಾರಕ್ಕೆ ಬೇಕಾದುದು ಈ ಮೂರನೆಯ ಪಟ್ಟಿ.

ಅಗಾರಧೂಮವೆಂದರೆ ಅಡಿಗೆಮನೆಯ ಸೂರಿನಲ್ಲಿ ಹೊಗೆ ಹಿಡಿದು ಜೋಲುವ ಇಲ್ಲಣ. ಅಂಜನವೆಂದರೆ ಕಾಡಿಗೆ. ಮೇಚಕವನ್ನು ಅಮರಸಿಂಹನು ಕಪ್ಪಿನ ಪರ್ಯಾಯಗಳಲ್ಲಿ ಸೇರಿಸಿದ್ದಾನೆ. ನವಿಲುಗರಿಯ ಕಣ್ಣಿಗೂ ಅದೇ ಹೆಸರೆಂದು ಬೇರೆಡೆಯಲ್ಲಿ ಹೇಳಿದ್ದಾನೆ. ಆದುದರಿಂದ ಅದು ಮಿನುಗುಳ್ಳ ಕಪ್ಪು ಎಂದು ಭಾವಿಸಬಹುದು. ಮಸಿಯ ಪುಡಿಯಂತಹ ಕಪ್ಪು ಒಂದು, ಕಾಡಿಗೆಯಂತೆ ಮೆತ್ತುವ ಕಪ್ಪು ಇನ್ನೊಂದು, ಮಿನುಗುವ ಕಪ್ಪು ಮತ್ತೊಂದು: ಕಪ್ಪಿನಲ್ಲಿಯೇ ಮೂರು ಬಗೆಗಳನ್ನು ಕಂಡ ಕಣ್ಣು ಸಾಮಾನ್ಯವಾದುದಲ್ಲ. ಇಂದಿನ ವೈದ್ಯಗ್ರಂಥಗಳು ಆಮಾಶಯದ ಹುಳಿಯಲ್ಲಿ ನೆನೆದು ವಾಂತಿಯಾದ ರಕ್ತವನ್ನು ಕಾಫಿಪುಡಿಯ ಗಸಿಗೆ ಹೋಲಿಸುತ್ತವೆ. ಕರುಳಿನಲ್ಲಿ ಇಳಿದು ಮಲವಾಗಿ ಬಂದುದನ್ನು ಹೊಳಪುಳ್ಳ, ಅಂಟುವ ಡಾಂಬರಿಗೆ ಹೋಲಿಸುತ್ತವೆ. ಕಾಫಿಯನ್ನೂ ಡಾಂಬರನ್ನೂ ಕಾಣದ ಕಾಲದಲ್ಲಿ ಇದಕ್ಕಿಂತ ಸಮೀಪವಾದ ಉಪಮಾನಗಳನ್ನು ಮನೆಯೊಳಗಿನಿಂದ ತೆಗೆಯುವುದು ಹೇಗೆ?

ಇಲ್ಲಿ ಒಂದು ಆಕ್ಷೇಪವು ಬರಬಹುದು: ಈ ಬಣ್ಣಗಳು ನೋಡಿ ಬರೆದುವಲ್ಲ, ಪಿತ್ತಕ್ಕೆ ಸಿದ್ಧಾಂತದಲ್ಲಿ ಹೇಳಿದ ಬಣ್ಣಗಳನ್ನೇ ಇಲ್ಲಿ ಆರೋಪಿಸಿದ್ದಾರೆ ಎಂದು. ಇದಕ್ಕೆ ಸಮಾಧಾನವು ಸುಲಭ. ಪಿತ್ತಜವಾದ ಛರ್ದಿಯನ್ನು ಹೇಳುವಾಗ ಚರಕಸಂಹಿತೆಯು ಹಳದಿ, ಹಸುರು ಬಣ್ಣಗಳನ್ನು ಮುಂದಿಡುತ್ತದೆ. ಪಿತ್ತಕ್ಕೆ ಸಹಜವಾದುವೂ ಅವೇ. ರಕ್ತಪಿತ್ತದ ಪಟ್ಟಿಯಲ್ಲಿಯಾದರೋ ಹಸುರು ಮಾಯವಾಗಿ ಕಪ್ಪೇ ಮೆರೆಯುತ್ತಿದೆ. ಸಿದ್ಧಾಂತವು ಹಸುರನ್ನು ಬೇಡುವಲ್ಲಿ ಗ್ರಂಥಕಾರನು ಇಲ್ಲಣವನ್ನು ಬರೆದನೆಂದರೆ, ಕಣ್ಣು ಕಂಡುದನ್ನು ಬರೆದನೆಂದೇ ಅರ್ಥ. ಇನ್ನು ಮೂಗಿನಿಂದ ಸುರಿಯುವ ರಕ್ತವು ಕೆಂಪಾಗಿಯೇ ಇರುವುದು ಲೋಕವಿದಿತ. ಮೂಗಿನ ರಕ್ತವನ್ನು ನುಂಗಿದಾಗ ಅದೂ ಕಪ್ಪಾಗಿ ಬರುವುದುಂಟು, ನಿಜ. ಆದರೆ ಅದು ಕಪ್ಪಾದುದು ಆಮಾಶಯವನ್ನು ಹಾದುಬಂದುದರಿಂದಲೇ ಅಲ್ಲವೆ?

೪

ಎರಡನೆಯ ಸಾಕ್ಷಿಯು ಇನ್ನೂ ಬಲವಾದುದು. ಸುಶ್ರುತನೂ ಅವನನ್ನು ಅನುಸರಿಸಿದ ಮಾಧವಕರನೂ ಅಸಾಧ್ಯವಾದ ರಕ್ತಪಿತ್ತದ ಲಕ್ಷಣಗಳನ್ನು ಹೇಳುವಾಗ, ಮಾಂಸ ತೊಳೆದ ನೀರು, ಕೆಸರುನೀರು, ಯಕೃತ್ತಿನ ತುಂಡು, ಕಳಿತ ನೇರಳೆಹಣ್ಣು, ಕೃಷ್ಣ, ನೀಲ, ಹೆಣದ ನಾತ, ಇಂದ್ರಧನುಸ್ಸಿನ ಬಣ್ಣ, ಇವುಗಳನ್ನು ಹೇಳುತ್ತಾರೆ. ಅದೇ ಗ್ರಂಥಗಳಲ್ಲಿ ಅತಿಸಾರಪ್ರಕರಣಕ್ಕೆ ಹೋಗಿ ಅಸಾಧ್ಯವಾದ ಮಲದ ಲಕ್ಷಣಗಳನ್ನು ಓದಿದರೆ, ಕಳಿತ ನೇರಳೆಹಣ್ಣು, ಯಕೃತ್ತಿನ ತುಂಡು, ಮಾಂಸ ತೊಳೆದ ನೀರು, ಕೃಷ್ಣ, ನೀಲ, ಮೇಚಕ, ಹೆಣದ ನಾತ, ಮೇಲೆ ನವಿಲುಗರಿಯ ಕಣ್ಣಿನಂತಹ ಮಿನುಗು, ಹೀಗೆ ಬಹುಮಟ್ಟಿಗೆ ಅದೇ ಶಬ್ದಗಳು ಎದುರಾಗುತ್ತವೆ.

ಎರಡು ಬೇರೆ ರೋಗಗಳ ಎರಡು ಬೇರೆ ಪಟ್ಟಿಗಳಲ್ಲಿ ಇಷ್ಟು ಅಸಾಮಾನ್ಯವಾದ ಉಪಮಾನಗಳು ಒಟ್ಟಿಗೆ ಕೂಡುವುದು ಆಕಸ್ಮಿಕವೆನ್ನಲಾಗದು. ಒಂದೇ ವಸ್ತುವನ್ನು ಎರಡು ಕಡೆಗಳಿಂದ ನೋಡಿದಂತಿದೆ: ರಕ್ತಸ್ರಾವದ ಕಡೆಯಿಂದ ನೋಡಿದವರು ರಕ್ತಪಿತ್ತವೆಂದರು, ಮಲಪ್ರವೃತ್ತಿಯ ಕಡೆಯಿಂದ ನೋಡಿದವರು ಅತಿಸಾರವೆಂದರು. ಎರಡೆಡೆಯಲ್ಲಿಯೂ ತೀರ್ಪು ಒಂದೇ: ಇದು ಪ್ರಾಣಕ್ಕೆ ಅಪಾಯ. ಊರ್ಧ್ವಭಾಗದ ರಕ್ತದಿಂದ ಕಪ್ಪಾದ ಮಲಕ್ಕೆ ಒಂದು ವಿಲಕ್ಷಣವಾದ ದುರ್ಗಂಧವುಂಟೆಂದು ಇಂದಿನ ವೈದ್ಯರು ಹೇಳುತ್ತಾರೆ. ಒಮ್ಮೆ ಅದನ್ನು ಮೂಸಿದ ಶುಶ್ರೂಷಕರು ಮರೆಯುವುದಿಲ್ಲವಂತೆ. ಕುಣಪಗಂಧವೆಂಬ ಮಾತಿನ ಹಿಂದೆ ಇರುವ ಅನುಭವವೂ ಇಂತಹದೇ ಆಗಿರಬೇಕು.

ರೋಗದ ಉಪದ್ರವಗಳನ್ನೂ ಇಲ್ಲಿ ನೆನೆಯಬೇಕು. ದೌರ್ಬಲ್ಯ, ಶ್ವಾಸ, ಅರುಚಿ, ಪಾಂಡುತ್ವ ಮೊದಲಾದುವನ್ನು ಚರಕನು ರಕ್ತಪಿತ್ತದ ಬೆನ್ನುಹತ್ತಿ ಬರುವುವೆಂದು ಹೇಳಿದ್ದಾನೆ. ರಕ್ತವು ಒಳಗೊಳಗೇ ಸೋರಿಹೋದವನು ಬಿಳಿಚಿಕೊಂಡು ನಾಲ್ಕು ಹೆಜ್ಜೆಗೆ ಏದುಸಿರು ಬಿಡುವುದನ್ನು ಕಂಡವರಿಗೆ ಈ ಪಟ್ಟಿಯನ್ನು ವ್ಯಾಖ್ಯಾನಿಸಬೇಕಾಗಿಲ್ಲ.

೫

ಪ್ರಾಚೀನರು ನೋಟದಿಂದ ತೃಪ್ತರಾಗದೆ ಪರೀಕ್ಷೆಯನ್ನೂ ಮಾಡುತ್ತಿದ್ದರು. ವಮನವಿರೇಚನಗಳು ಮಿತಿಮೀರಿದಾಗ ಹೊರಬೀಳುವ ಕೆಂಪುದ್ರವ್ಯವು ಜೀವರಕ್ತವೋ, ಅಥವಾ ರಕ್ತಪಿತ್ತವೋ ಎಂಬ ಸಂಶಯಕ್ಕೆ ಚರಕಸಂಹಿತೆಯ ಸಿದ್ಧಿಸ್ಥಾನದ ೬ನೆಯ ಅಧ್ಯಾಯವು ಎರಡು ಪರೀಕ್ಷೆಗಳನ್ನು ವಿಧಿಸುತ್ತದೆ. ಈ ಸ್ಥಾನವು ದೃಢಬಲನು ಪೂರಣಮಾಡಿದ ಭಾಗಕ್ಕೆ ಸೇರಿದುದೆಂಬುದನ್ನು ಮರೆಯಬಾರದು. ಅನ್ನದೊಡನೆ ಅದನ್ನು ಕಲಸಿ ಕಾಗೆಗಾಗಲಿ ನಾಯಿಗಾಗಲಿ ಇಡುವುದು ಮೊದಲನೆಯದು. ತಿಂದರೆ ಜೀವರಕ್ತ, ತಿನ್ನದಿದ್ದರೆ ಪಿತ್ತ. ಬಿಳಿಯ ಬಟ್ಟೆಯನ್ನು ಅದರಲ್ಲಿ ನೆನಸಿ ಒಣಗಿಸಿ ಕೋಷ್ಣಜಲದಲ್ಲಿ ತೊಳೆಯುವುದು ಎರಡನೆಯದು. ಬಟ್ಟೆಯು ಶುದ್ಧವಾದರೆ ಜೀವರಕ್ತ, ಬಣ್ಣಗೆಟ್ಟೇ ಉಳಿದರೆ ಪಿತ್ತ. ನಿದಾನಸ್ಥಾನದಲ್ಲಿಯೂ ಬಟ್ಟೆಗೆ ಬಣ್ಣ ಹಿಡಿಸುವ ರಕ್ತಪಿತ್ತವು ಅಸಾಧ್ಯವೆಂದಿದೆ.

ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದ ೩೪ನೆಯ ಅಧ್ಯಾಯದಲ್ಲಿಯೂ ಇದೇ ಪರೀಕ್ಷೆಗಳಿವೆ. ನಾಯಿಯ ವಿಷಯದಲ್ಲಿ ಎರಡು ಗ್ರಂಥಗಳಿಗೂ ಏಕಮತ. ಬಟ್ಟೆಯ ವಿಷಯದಲ್ಲಿ ಮಾತ್ರ ಪೂರ್ಣ ವಿರೋಧ: ಉಷ್ಣೋದಕದಲ್ಲಿ ತೊಳೆದರೂ ಬಟ್ಟೆಯಲ್ಲಿ ಬಣ್ಣ ನಿಂತರೆ ಅದು ಜೀವರಕ್ತವೆಂದು ಸುಶ್ರುತನು ಹೇಳುತ್ತಾನೆ.

ಯಾವುದಾದರೊಂದು ಪಾಠವು ಕೆಟ್ಟಿದೆಯೆಂದು ತೀರ್ಮಾನಿಸುವ ಮುನ್ನ ಎರಡು ವಾಕ್ಯಗಳ ನೀರನ್ನು ಹೋಲಿಸಬೇಕೆಂದು ನನ್ನ ಸೂಚನೆ. ಒಂದರಲ್ಲಿರುವುದು ಕೋಷ್ಣ, ಎಂದರೆ ಉಗುರುಬೆಚ್ಚಗಿನ ನೀರು. ಇನ್ನೊಂದರಲ್ಲಿರುವುದು ಉಷ್ಣ, ಎಂದರೆ ಬಿಸಿನೀರು. ರಕ್ತದ ಕಲೆಯನ್ನು ತಣ್ಣೀರಿನಲ್ಲಿ ತೊಳೆಯಬೇಕು, ಬಿಸಿನೀರು ಸೋಕಿದರೆ ಕಲೆಯು ಕಚ್ಚಿಕೊಳ್ಳುವುದೆಂಬುದು ಮನೆಯ ಹೆಂಗಸರಿಗೆಲ್ಲ ತಿಳಿದ ಮಾತು. ಕಾವಿಗೆ ರಕ್ತದ ಸಾರವು ಗರಣೆಗಟ್ಟುವುದೇ ಅದಕ್ಕೆ ಕಾರಣ. ತಾಜಾ ರಕ್ತವು ಉಗುರುಬೆಚ್ಚಗಿನ ನೀರಿನಲ್ಲಿ ಬಿಡುವುದೂ ಬಿಸಿನೀರಿನಲ್ಲಿ ನಿಲ್ಲುವುದೂ ಎರಡೂ ಸಂಭವನೀಯ. ಹಾಗಾದರೆ ಇಬ್ಬರು ಗ್ರಂಥಕಾರರೂ ತಾವು ಕಂಡುದನ್ನೇ ಬರೆದಿರಬಹುದು. ಇದು ಊಹೆಯೇ ಸರಿ. ಆದರೆ ಕೋಷ್ಣವನ್ನು ಬಿಸಿನೀರೆಂದು ಸ್ಥೂಲವಾಗಿ ಭಾಷಾಂತರಿಸುವವರಿಗೆ ಈ ವಿಚಾರವೇ ಹೊಳೆಯಲಾರದು.

೬

ಇನ್ನು ಪ್ರಾಚೀನರ ಕೊರತೆಗಳು. ಊರ್ಧ್ವಗವಾದುದು ಸಾಧ್ಯ, ಅಧೋಗವಾದುದು ಯಾಪ್ಯ ಎಂಬುದು ಅವರ ನಿಯಮ. ಮೇಲ್ಮುಖವಾದುದಕ್ಕೆ ವಿರೇಚನ, ಕೆಳಮುಖವಾದುದಕ್ಕೆ ವಮನ, ಹೀಗೆ ಪ್ರತಿಮಾರ್ಗದಿಂದ ಹರಣಮಾಡಬೇಕು. ವಿರೇಚನವು ಪಿತ್ತಕ್ಕೆ ಪರಮೌಷಧವಾದುದರಿಂದ ಊರ್ಧ್ವಗವು ಸುಲಭ ಎಂಬುದು ಅವರ ಯುಕ್ತಿ. ಮೂಗಿನ ರಕ್ತಕ್ಕೆ ಈ ಮಾತು ಸಲ್ಲಬಹುದು. ಆಮಾಶಯದಿಂದ ಉಕ್ಕಿ ಬಾಯಿಂದ ಬರುವ ರಕ್ತಕ್ಕೆ ಇದನ್ನು ಅನ್ವಯಿಸಿದರೆ ಅನರ್ಥ. ರಕ್ತವನ್ನು ಕಾರುವವನ ಸ್ಥಿತಿಯು ಅನೇಕ ವೇಳೆ ಕಪ್ಪು ಮಲವೊಂದನ್ನೇ ಕಂಡವನ ಸ್ಥಿತಿಗಿಂತ ಹೆಚ್ಚು ಉಗ್ರ. ದ್ವಾರವನ್ನು ಹಿಡಿದು ಹೆಸರಿಟ್ಟುದರ ದೋಷವು ಇಲ್ಲಿ ಫಲಿಸಿತು.

ಬಲಮಾಂಸಗಳು ಕುಂದದೆ ಊಟಮಾಡುತ್ತಿರುವ ರೋಗಿಯಲ್ಲಿ, ದೂಷಿತವಾದ ರಕ್ತವನ್ನು ಮೊದಲಲ್ಲಿಯೇ ತಡೆಯಬಾರದೆಂಬುದು ಇನ್ನೊಂದು ವಿಧಿ. ಇಂದು ಯಾರೂ ಇದನ್ನು ಅನುಸರಿಸತಕ್ಕದ್ದಲ್ಲ. ಆದರೂ ಗ್ರಂಥಕಾರನಿಗೆ ನ್ಯಾಯ ಸಲ್ಲಬೇಕಾದರೆ ಅವನು ಹಾಕಿದ ಕಟ್ಟುಗಳನ್ನೂ ಹೇಳಬೇಕು. ಸಾಧ್ಯವೆನಿಸಿಕೊಳ್ಳಲು ರಕ್ತಪಿತ್ತವು ಒಂದೇ ಮಾರ್ಗದ್ದಾಗಿ, ಹೊಸದಾಗಿ, ಉಪದ್ರವರಹಿತವಾಗಿ, ಬಲಿಷ್ಠನಲ್ಲಿ ಉಂಟಾದುದಾಗಿರಬೇಕು, ಮುಖ್ಯವಾಗಿ ಅತಿವೇಗವುಳ್ಳದ್ದಾಗಿರಬಾರದು. ಈ ಕಡೆಯ ವಿಶೇಷಣವನ್ನು ಬಿಟ್ಟು ನಿಯಮವನ್ನು ಮಾತ್ರ ಉದ್ಧರಿಸುವವರು ಶಾಸ್ತ್ರಕ್ಕೂ ರೋಗಿಗೂ ಅಪಚಾರಮಾಡುತ್ತಾರೆ.

೭

ಯವನರ ಕಥೆಯೂ ಇದಕ್ಕೆ ಸದೃಶವಾದುದೇ. ಹಿಪ್ಪೊಕ್ರೇಟಸನ ಹೆಸರಿನಲ್ಲಿರುವ ಗ್ರಂಥಸಮೂಹದಲ್ಲಿ, ರೋಗಗಳನ್ನು ಕುರಿತ ಎರಡನೆಯ ಪುಸ್ತಕವು 'ಕಪ್ಪುರೋಗ'ವೆಂಬ ವ್ಯಾಧಿಯನ್ನು ವರ್ಣಿಸುತ್ತದೆ. ರೋಗಿಯು ಕಾರುವ ಕಪ್ಪನ್ನು ಅಲ್ಲಿ ಮದ್ಯದ ಗಸಿಗೂ ಕಡಲಪ್ರಾಣಿಯ ಮಸಿಗೂ ಹೋಲಿಸಿದ್ದಾರೆ. ಇಂದಿಗೂ ವೈದ್ಯರು ಕಪ್ಪು ಮಲಕ್ಕೆ ಹೇಳುವ ಮೆಲೀನಾ ಎಂಬ ಹೆಸರು ಕಪ್ಪೆಂಬ ಅರ್ಥದ ಆ ಯವನಶಬ್ದದಿಂದಲೇ ಬಂದುದು. ಆದರೆ ಅವರಲ್ಲಿ ಕೃಷ್ಣಪಿತ್ತವೆಂಬ ನಾಲ್ಕನೆಯ ಧಾತುವಿನ ಸಿದ್ಧಾಂತವು ಬಲಿತು, ಕಪ್ಪಾಗಿ ಬಂದುದೆಲ್ಲ ಆ ಪಿತ್ತವೇ ಎಂಬ ಭಾವನೆಯು ಬಹುಕಾಲ ನಿಂತಿತು. ನಮ್ಮವರು ಅದನ್ನು ಪಿತ್ತದಿಂದ ದೂಷಿತವಾದ ರಕ್ತವೆಂದರು. ಕಪ್ಪಿನ ಕಾರಣವನ್ನು ಇಬ್ಬರೂ ಪಿತ್ತದಲ್ಲಿ ಕಂಡರೂ, ಹೆಸರಿನಲ್ಲಿ ರಕ್ತವನ್ನು ಮೊದಲು ಇಟ್ಟುದು ನಮ್ಮ ಶಾಸ್ತ್ರದ ವಿಶೇಷ.

ದ್ವಾರದಿಂದ ಮೂಲಕ್ಕೆ ದೃಷ್ಟಿಯು ಹೊರಳಿದುದು ಈಚಿನ ಶತಮಾನಗಳಲ್ಲಿ. ೧೭೯೩ರಲ್ಲಿ ಮ್ಯಾಥ್ಯೂ ಬೇಯ್ಲಿಯೂ, ೧೮೨೯ರಿಂದ ಮುಂದಕ್ಕೆ ಫ್ರಾನ್ಸಿನ ಕ್ರೂವೆಲ್ಯೆಯೂ ಶವಪರೀಕ್ಷೆಯಿಂದ ಆಮಾಶಯದ ಹುಣ್ಣನ್ನು ವಿವರಿಸಿದರು. ೧೯೨೯ರಲ್ಲಿ ಮ್ಯಾಲರಿ ಮತ್ತು ವೈಸ್ ಎಂಬುವರು, ಬಲವಾದ ಓಕರಿಕೆಯಿಂದ ಅನ್ನನಾಳದ ಬುಡವು ಹರಿದು ರಕ್ತ ಬರುವುದನ್ನು ತೋರಿಸಿದರು. ಯಕೃತ್ತು ಗಟ್ಟಿಯಾದಾಗ ಅನ್ನನಾಳದ ಸಿರೆಗಳು ಉಬ್ಬಿ ಒಡೆಯುವುದೂ ಗೊತ್ತಾಯಿತು. ರಕ್ತಪಿತ್ತಕ್ಕೆ ಯಕೃತ್ ಪ್ಲೀಹಗಳು ಅಧಿಷ್ಠಾನವೆಂಬ ಮಾತು ಇಲ್ಲಿ ನೆನಪಿಗೆ ಬಂದರೂ, ಎರಡೂ ಒಂದೇ ಎನ್ನುವುದು ಸಾಹಸ. ೧೮೬೪ರಲ್ಲಿ ವಾನ್ ಡೀನ್ ಎಂಬುವನು ಗ್ವಾಯಕಂ ಮರದ ರಾಳವು ರಕ್ತದ ಸೋಂಕಿಗೆ ನೀಲಿಯಾಗುವುದನ್ನು ಪರೀಕ್ಷೆಯಾಗಿ ಬಳಸಿದನು. ೧೯೦೧ರಲ್ಲಿ ಬೋವಾಸ್ ಎಂಬ ಜರ್ಮನ್ ವೈದ್ಯನು ಕಣ್ಣಿಗೆ ಕಾಣದ ರಕ್ತವನ್ನು ಮಲದಲ್ಲಿ ಹುಡುಕುವ ಪದ್ಧತಿಯನ್ನು ತಂದನು. ಬಿಳಿಯ ಬಟ್ಟೆಯ ಪರೀಕ್ಷೆಯು ಬೇಡಿದ ಪ್ರಶ್ನೆಗೆ ಇದು ಹೊಸಕಾಲದ ಉತ್ತರ. ೧೯೫೭ರಲ್ಲಿ ಹರ್ಷೊವಿಟ್ಸನು ಬಾಗುವ ಗಾಜಿನ ಎಳೆಗಳ ದರ್ಶಕವನ್ನು ಪ್ರಯೋಗಿಸಿದ ಮೇಲೆ, ಸೋರುವ ಸ್ಥಳವನ್ನು ಜೀವಂತ ರೋಗಿಯಲ್ಲಿಯೇ ಚೆನ್ನಾಗಿ ನೋಡುವ ಎಂಡೋಸ್ಕೋಪಿಯು ಬೆಳೆಯಿತು. ೧೯೮೨ರಲ್ಲಿ ಮಾರ್ಷಲ್, ವಾರನ್ ಎಂಬ ಆಸ್ಟ್ರೇಲಿಯದ ವೈದ್ಯರು ಹುಣ್ಣಿಗೆ ಮುಖ್ಯ ಕಾರಣವಾದ ಸೂಕ್ಷ್ಮಜೀವಿಯನ್ನು ಬೆಳೆಸಿ ತೋರಿಸಿ, ೨೦೦೫ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು.

ಇಷ್ಟಾದರೂ ಮೊದಲ ಗುರುತು ಇಂದಿಗೂ ಮನೆಯಲ್ಲಿಯೇ, ಕಣ್ಣಿನಿಂದಲೇ ಆಗಬೇಕು. ಸುಮಾರು ೫೦ ಮಿಲಿಲೀಟರಿನಷ್ಟು ರಕ್ತವು ಮೇಲ್ಭಾಗದಲ್ಲಿ ಸೋರಿದರೂ ಮಲವು ಕಪ್ಪಾಗಬಲ್ಲದು, ನೋವಿಲ್ಲದೆಯೂ ಹಾಗಾಗಬಹುದು. ಕಬ್ಬಿಣದ ಗುಳಿಗೆಗಳಿಂದಲೂ ಮಲವು ಕಪ್ಪಾಗುವುದುಂಟು. ಆದರೆ ಅದಕ್ಕೆ ಡಾಂಬರಿನ ಜಿಗುಟೂ ಆ ದುರ್ಗಂಧವೂ ಇರುವುದಿಲ್ಲ. ರಕ್ತವು ರಭಸದಿಂದ ಇಳಿದರೆ ಮಲವು ಕೆಂಪಾಗಿಯೇ ಬರಲೂಬಹುದು. ಇವುಗಳ ಜೊತೆಗೆ ಎದ್ದುನಿಂತಾಗ ಕಣ್ಣುಕತ್ತಲೆ, ತಣ್ಣನೆಯ ಬೆವರು, ನಾಡಿಯ ವೇಗ ಕಂಡುಬಂದರೆ ಒಂದು ಗಳಿಗೆಯನ್ನೂ ಕಳೆಯದೆ ಆಸ್ಪತ್ರೆಗೆ ಒಯ್ಯಬೇಕು. ನೋವುಶಾಮಕ ಗುಳಿಗೆಗಳನ್ನು ಬಹುದಿನ ಸೇವಿಸುವವರೂ ಮದ್ಯದಿಂದ ಯಕೃತ್ತು ಕೆಟ್ಟವರೂ ವಿಶೇಷ ಎಚ್ಚರದಿಂದಿರತಕ್ಕದ್ದು.

೮

ಕನ್ನಡಿಗರಾದ ನಮಗೆ ಈ ವಿಚಾರದಿಂದ ಏನು ಪ್ರಯೋಜನವೆಂದರೆ, ಎರಡುಂಟು. 'ರಕ್ತ ಕಾರಿ ಸತ್ತ' ಎಂಬ ಮಾತು ನಮ್ಮ ಜನರ ಬಾಯಲ್ಲಿ ರೋಗದ ಹೆಸರಲ್ಲ, ದೈವದ ಶಿಕ್ಷೆಯ ಹೆಸರು. ಸುಳ್ಳು ಆಣೆಯಿಟ್ಟವನು, ಮಾಟಕ್ಕೆ ಸಿಕ್ಕಿದವನು ರಕ್ತ ಕಾರುತ್ತಾನೆಂಬ ನಂಬಿಕೆಯು ಹಳ್ಳಿಗಳಲ್ಲಿ ಬೇರೂರಿದುದು. ಆ ನಂಬಿಕೆಯು ರೋಗಿಯನ್ನು ವೈದ್ಯನ ಬಾಗಿಲಿಗೆ ಬಿಡದೆ ಮಂತ್ರವಾದಿಯ ಬಾಗಿಲಿಗೆ ತಳ್ಳಿದ ಸಂದರ್ಭಗಳು ಎಷ್ಟೋ ಇರಬೇಕು. ಆಹಾರ, ಪಿತ್ತ, ಯಕೃತ್ತುಗಳಲ್ಲಿ ಕಾರಣವನ್ನು ಅರಸಿ, ಬಟ್ಟೆಯನ್ನು ತೊಳೆದು ನೋಡಿದ ಚಿಕಿತ್ಸಕರು ನಮ್ಮ ಪೂರ್ವಿಕರೇ ಎಂಬುದನ್ನು ಪಾಠ ಹೇಳುವವರು ತಿಳಿಸಿದರೆ, ಅದು ಹಳ್ಳಿಯ ಮನೆಗಳಿಗೂ ಮುಟ್ಟೀತು.

ಎರಡನೆಯದು ಗ್ರಂಥಸಂಪಾದನೆಗೆ ಸಂಬಂಧಿಸಿದುದು. ಮಂಡಲಿಸರ್ಪದ ವಿಷದಿಂದ ಮೇಲಕ್ಕೂ ಕೆಳಕ್ಕೂ ರಕ್ತವು ಹೊರಡುವುದೆಂದು ಸುಶ್ರುತನ ಕಲ್ಪಸ್ಥಾನದಲ್ಲಿದೆ. ಆ ಹೆಸರು ಕೊಳಕುಮಂಡಲವೆಂಬ ನಮ್ಮ ಮಾತಿನಲ್ಲಿ ಇಂದಿಗೂ ಉಳಿದಿದೆ, ಅದರ ವಿಷವು ರಕ್ತವನ್ನು ಹೆಪ್ಪುಗಟ್ಟದಂತೆ ಕೆಡಿಸುವುದೂ ಇಂದು ಸಿದ್ಧವಾದ ಸಂಗತಿ. ಹೀಗೆ ದೇಶ್ಯ ಶಬ್ದಗಳು ಶಾಸ್ತ್ರವನ್ನು ಕಾಪಾಡಬಲ್ಲುವು. ಉಗ್ರಾದಿತ್ಯನ ಸಂಸ್ಕೃತ ಕಲ್ಯಾಣಕಾರಕವು ೧೯೪೦ರಲ್ಲಿ ಸೊಲ್ಲಾಪುರದಲ್ಲಿ ಅಚ್ಚಾಯಿತು; ಕನ್ನಡದಲ್ಲಿ ಜಗದ್ದಳ ಸೋಮನಾಥನಿಂದ ಮೊದಲ್ಗೊಂಡು ವೈದ್ಯಕವಿಗಳ ಪರಂಪರೆಯೇ ಇದೆ. ಇಂತಹ ಗ್ರಂಥಗಳಿಗೆ ಅರ್ಥಕೋಶವನ್ನು ಬರೆಯುವವರು ಮೇಚಕ, ಅಂಜನ, ಅಗಾರಧೂಮಗಳಿಗೆಲ್ಲ 'ಕಪ್ಪು' ಎಂಬ ಒಂದೇ ಅರ್ಥವನ್ನು ಹಾಕಿದರೆ, ಮೂರು ಕಣ್ಣೋಟಗಳು ಒಂದಾಗಿ ಕುರುಡಾಗುತ್ತವೆ. ಇಲ್ಲಣ, ಕಾಡಿಗೆ, ಮಿನುಗುಗಪ್ಪು ಎಂದು ಬಿಡಿಸಿ ಬರೆಯುವುದಕ್ಕೆ ನಮ್ಮ ಭಾಷೆಯಲ್ಲಿ ಮಾತುಗಳಿಗೆ ಬರವಿಲ್ಲ. ರಕ್ತಪಿತ್ತವೆಂಬ ಪದಕ್ಕೂ 'ಮೂಗುಬಾಯಿಗಳಿಂದಲೂ ಮಲಮೂತ್ರಮಾರ್ಗಗಳಿಂದಲೂ ಕೆಂಪಾಗಿಯೋ ಕಪ್ಪಾಗಿಯೋ ಆಗುವ ರಕ್ತಸ್ರಾವ' ಎಂಬ ಅರ್ಥವನ್ನು ಕೊಡುವುದೇ ಯುಕ್ತವೆಂದು ತೋರುತ್ತದೆ. ವರ್ಣಪದಗಳ ಸಾಮ್ಯವನ್ನೂ ಕೋಷ್ಣೋಷ್ಣಗಳ ಭೇದವನ್ನೂ ಹಸ್ತಪ್ರತಿಗಳನ್ನು ಬಲ್ಲ ವಿದ್ವಾಂಸರು ಪರಿಶೀಲಿಸಿ ತಮ್ಮ ಅಭಿಪ್ರಾಯವನ್ನು ತಿಳಿಸಬೇಕೆಂದು ಪ್ರಾರ್ಥನೆ.